ಹೆಣವಾಗಿ ಮಲಗಿ ಕಲಿತ ಹಾಡು

ಹರಿಶ್ಚಂದ್ರ ನಾಟಕದ ಲೋಹಿತಾಶ್ವನಿಗೆ ಮಾತು ಕಡಿಮೆ, ಮಲಗುವ ಕೆಲಸವೇ ಹೆಚ್ಚು. ದರ್ಭೆ ತರಲು ಹೋದ ಹುಡುಗನಿಗೆ ಹಾವು ಕಚ್ಚುತ್ತದೆ. ಅಲ್ಲಿಂದ ಮುಂದೆ ಅವನು ಹೆಣ. ಚಂದ್ರಮತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಡುತ್ತಾಳೆ. ಸಭಿಕರು ‘ಒನ್ಸ್ ಮೋರ್’ ಎಂದು ಕೂಗಿದರೆ ಮೊದಲಿನಿಂದ ಮತ್ತೊಮ್ಮೆ ಹಾಡುತ್ತಾಳೆ. ಅಷ್ಟು ಹೊತ್ತೂ ಹುಡುಗ ರೆಪ್ಪೆ ಅಲುಗಿಸುವಂತಿಲ್ಲ, ಸೊಳ್ಳೆ ಕೂತರೆ ಕೈ ಎತ್ತುವಂತಿಲ್ಲ, ಉಸಿರಾಡಿದ್ದು ಹೊಟ್ಟೆಯ ಮೇಲೆ ಕಾಣುವಂತಿಲ್ಲ. ಒಂದು ಊರಿನ ಮೊಕ್ಕಾಂ ಮುಗಿಯುವಷ್ಟರಲ್ಲಿ ಆ ರಾಗ, ಆ ಬಿಕ್ಕು, ಎಲ್ಲಿ ಉಸಿರು ತೆಗೆದುಕೊಂಡರೆ ಸಾಲು ಒಡೆಯುವುದಿಲ್ಲ ಎಂಬ ಗುಟ್ಟು, ಎಲ್ಲವೂ ಅವನ ಕಿವಿಗೆ ಇಳಿದಿರುತ್ತವೆ. ಪಾಠ ಹೇಳುತ್ತಿದ್ದೇನೆ ಎಂದು ಚಂದ್ರಮತಿ ಅಂದುಕೊಂಡಿರುವುದಿಲ್ಲ, ಕಲಿಯುತ್ತಿದ್ದೇನೆ ಎಂದು ಹೆಣವೂ ಅಂದುಕೊಂಡಿರುವುದಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಹಾಡು, ಕುಣಿತ, ಬಣ್ಣಗಾರಿಕೆ ಮಕ್ಕಳ ಕೈಗೆ ಬಂದ ದಾರಿ ಬಹುಮಟ್ಟಿಗೆ ಇದೇ. ಚಿಕ್ಕವರಿಗೆಂದು ಚಿಕ್ಕ ಕಲೆಯೊಂದನ್ನು ಬೇರೆ ಮಾಡಿಕೊಟ್ಟವರು ಇಲ್ಲಿ ಕಡಿಮೆ. ದೊಡ್ಡವರ ಕಲೆಯೊಳಗೇ ಅವರಿಗೊಂದು ಚಿಕ್ಕ ಜಾಗ ಇರುತ್ತಿತ್ತು.

ಇದಕ್ಕೆ ಮುಖ್ಯ ಸಾಕ್ಷಿ ಗುಬ್ಬಿ ಕಂಪನಿ. 1884ರಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬರಂಥ ಊರಿನವರು ಸೇರಿ, ಊರದೇವರು ಚನ್ನಬಸವೇಶ್ವರನ ಹೆಸರಿನಲ್ಲಿ ಕಟ್ಟಿದ ನಾಟಕ ಸಂಘ ಅದು. 1891ರಲ್ಲಿ ಹುಟ್ಟಿದ ವೀರಣ್ಣ ಎಳೆಯ ವಯಸ್ಸಿನಲ್ಲೇ ಬಾಲನಟನಾಗಿ ಅದಕ್ಕೆ ಸೇರಿ, 1917ರಲ್ಲಿ ಅದರ ಯಜಮಾನರಾದರು. ಮುಂದೆ ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ವೈಭವವನ್ನು ಎಲ್ಲರೂ ಹೇಳುತ್ತಾರೆ. ಆನೆಗಿಂತ ಮೊದಲು ಕಂಪನಿಗೆ ಬೇಕಾಗಿದ್ದವರು ಮಕ್ಕಳು ಎಂಬುದು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಪೌರಾಣಿಕ ನಾಟಕ ಎಂದ ಮೇಲೆ ಪ್ರಹ್ಲಾದ, ಧ್ರುವ, ಮಾರ್ಕಂಡೇಯ, ಲವಕುಶ, ಬಾಲಕೃಷ್ಣ ಬೇಕೇ ಬೇಕು. ಇವರಿಲ್ಲದೆ ಪರದೆ ಏಳುವುದಿಲ್ಲ. ಹೆಂಗಸರು ರಂಗಕ್ಕೆ ಬರದಿದ್ದ ಕಾಲದಲ್ಲಂತೂ ದನಿ ಒಡೆಯದ ಹುಡುಗರೇ ಸೀತೆ, ದಮಯಂತಿಯರಾಗುತ್ತಿದ್ದರು. ಬಿ. ಜಯಮ್ಮನಂಥವರು ಬಂದ ಮೇಲೆ ಹುಡುಗರ ಆ ಪಾಲು ಹೋಯಿತು, ಬಾಲಪಾತ್ರಗಳು ಉಳಿದವು. ಹೀಗೆ ಮಕ್ಕಳನ್ನು ಕಂಪನಿ ಸಾಕಿದ್ದು ಬರೀ ವಾತ್ಸಲ್ಯದಿಂದಲ್ಲ, ಕಸುಬಿನ ಅಗತ್ಯದಿಂದ. ನನ್ನ ವಾದಕ್ಕೆ ಇದೇ ಆಧಾರ. ಮಗು ಸರಿಯಾಗಿ ಹಾಡದಿದ್ದರೆ ಆ ರಾತ್ರಿಯ ಗಲ್ಲಾಪೆಟ್ಟಿಗೆಗೆ ಪೆಟ್ಟು ಬೀಳುತ್ತದೆ ಎಂದಾಗ ಹಾರ್ಮೋನಿಯಂ ಮಾಸ್ತರು ಕಲಿಸುವ ರೀತಿಯೇ ಬೇರೆಯಾಗುತ್ತದೆ. ‘ಮಗು ಚೆನ್ನಾಗಿ ಪ್ರಯತ್ನಿಸಿತು’ ಎಂಬ ಮೆಚ್ಚುಗೆಗೆ ಅಲ್ಲಿ ಜಾಗವಿಲ್ಲ.

ಕಲಿತದ್ದು ಹಾಡೊಂದನ್ನೇ ಅಲ್ಲ. ಮೊಕ್ಕಾಂ ಎಂದರೆ ಒಂದು ಓಡಾಡುವ ಊರು; ಅಲ್ಲಿ ಸೀನು ಬರೆಯುವವರಿದ್ದರು, ಕಿರೀಟಕ್ಕೆ ಕಾಗದ ಅಂಟಿಸುವವರಿದ್ದರು, ಬಣ್ಣ ಕಲಸುವವರು, ತಬಲಾ ಹದ ಮಾಡುವವರು, ಪರದೆ ಎಳೆಯುವವರು, ನೂರು ಜನಕ್ಕೆ ಅನ್ನ ಬಸಿಯುವವರು ಇದ್ದರು. ಪಾತ್ರವಿಲ್ಲದ ದಿನ ಹುಡುಗ ಇವರಲ್ಲಿ ಯಾರದಾದರೂ ಕೈಕೆಳಗೆ ಇರಲೇಬೇಕು. ಎಂಟರ ವಯಸ್ಸಿಗೆ ಈ ಕಂಪನಿ ಸೇರಿದ ಜಿ.ವಿ. ಅಯ್ಯರ್ ಮುಂದೆ ನಟರಾದರು, ಹಾಡು ಬರೆದರು, ಸಿನಿಮಾ ನಿರ್ದೇಶಿಸಿದರು. ಒಬ್ಬನೇ ಇಷ್ಟು ಕೆಲಸಕ್ಕೆ ಕೈಹಾಕುವ ಧೈರ್ಯ ಇಂಥ ಜಾಗದಲ್ಲೇ ಹುಟ್ಟುವುದು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಕಂಪನಿಯ ನಟರು. ತಂದೆಯ ಹಿಂದೆ ಬಂದ ಮುತ್ತುರಾಜ ಶಾಲೆಯ ಮೆಟ್ಟಿಲು ಹೆಚ್ಚು ಹತ್ತಲಿಲ್ಲ. ಅದೇ ಹುಡುಗ 1954ರ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರ್ ಆಗಿ, 1965ರಲ್ಲಿ ತೆರೆಯ ಮೇಲೆ ಹರಿಶ್ಚಂದ್ರನೇ ಆಗಿ ನಿಂತಾಗ, ಮಹಾಪ್ರಾಣ, ಅಲ್ಪಪ್ರಾಣ ಒಂದೂ ತಪ್ಪದ ಆ ಕನ್ನಡ ಯಾವ ಪಾಠಶಾಲೆಯದು ಎಂದು ಯಾರೂ ಕೇಳಬೇಕಾಗಿರಲಿಲ್ಲ. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟು ಕೊಟ್ಟಿತು. ಪರೋಕ್ಷವಾಗಿ ಅದು ಕಂಪನಿಯ ಹಾರ್ಮೋನಿಯಂ ಮಾಸ್ತರರಿಗೂ ಸಂದ ಡಾಕ್ಟರೇಟು ಎನ್ನಬಹುದು.

ಕಂಪನಿಯೊಳಗೆ ಬಂದ ಮಕ್ಕಳು ಎಷ್ಟು ಮಂದಿ, ಹೊರಗಿದ್ದವರ ಗತಿ ಏನು ಎಂದು ಕೇಳಬಹುದು. ಹೊರಗೂ ರೀತಿ ಇದೇ ಆಗಿತ್ತು. ಈ ಜಿಲ್ಲೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಪೌರಾಣಿಕ ನಾಟಕ ಕಟ್ಟುವ ಹುಚ್ಚು ಇನ್ನೂ ಇಳಿದಿಲ್ಲ. ಡ್ರಾಮಾ ಮೇಷ್ಟ್ರು ಬಂದು ಇಳಿಯುತ್ತಾರೆ, ಪಾತ್ರಕ್ಕೆ ಇಷ್ಟು ಎಂದು ದುಡ್ಡು ಹಾಕಿಕೊಳ್ಳುತ್ತಾರೆ, ರಾತ್ರಿ ತಾಲೀಮು ಶುರುವಾಗುತ್ತದೆ. ದುಡ್ಡು ಕೊಟ್ಟು ದುರ್ಯೋಧನನಾದ ಗೌಡರು ಕಂದ ಹೇಳುವಾಗ ಎಡವಿದರೆ, ಕಂಬಕ್ಕೆ ಒರಗಿ ಕೂತ ಹುಡುಗರು ಮುಂದಿನ ಸಾಲನ್ನು ಎತ್ತಿಕೊಟ್ಟಿರುತ್ತಾರೆ. ಕುಣಿಗಲ್ ಕೆರೆಯ ಹಾಡನ್ನೇ ನೋಡಿ. ಮೂಡಲ ದಿಕ್ಕಿನ ಆ ಕೆರೆಯ ಅಂದವನ್ನು ಹೊಗಳುವ ಜನಪದ ಗೀತೆ ಇಂದು ಶಾಲಾ ವಾರ್ಷಿಕೋತ್ಸವಗಳಲ್ಲಿ ಮಕ್ಕಳ ಹಾಡಿನಂತೆಯೇ ಓಡಾಡುತ್ತಿದೆ. ಅದು ಮಕ್ಕಳಿಗಾಗಿ ಕಟ್ಟಿದ್ದಲ್ಲ. ದೊಡ್ಡವರು ದೊಡ್ಡವರಿಗೇ ಹಾಡಿಕೊಂಡದ್ದು. ಇನ್ನೂ ಹಿಂದೆ ಹೋದರೆ, 1513ರಲ್ಲಿ ಗುಬ್ಬಿಯ ಮಲ್ಲಣಾರ್ಯ ‘ಭಾವಚಿಂತಾರತ್ನ’ದಲ್ಲಿ ಸತ್ಯೇಂದ್ರ ಚೋಳನ ಕಥೆ ಹೇಳಿದ. ಕುದುರೆಯ ಕಾಲಿಗೆ ಸಿಕ್ಕಿ ಸತ್ತ ಮಗು, ನ್ಯಾಯ ಕೇಳುವ ತಾಯಿ, ಸ್ವಂತ ಮಗನೆಂದೂ ನೋಡದೆ ದಂಡಿಸುವ ರಾಜ. ಷಡಕ್ಷರದೇವ ಇದನ್ನೇ ‘ರಾಜಶೇಖರವಿಳಾಸ’ವಾಗಿ ಬೆಳೆಸಿದಾಗ ಆ ತಾಯಿ ತಿರುಕೊಳವಿನಾಚಿಯ ಗೋಳು ಹಳೆಗನ್ನಡದ ಹೆಸರಾಂತ ಪ್ರಸಂಗವಾಯಿತು. ಇವತ್ತಿನ ಮಕ್ಕಳ ಪುಸ್ತಕದ ಸಂಪಾದಕರು ಇಂಥ ಕಥೆಯನ್ನು ‘ಭಯ ಹುಟ್ಟಿಸುತ್ತದೆ’ ಎಂದು ಮರಳಿಸಿಬಿಡುತ್ತಾರೆ. ಆದರೆ ಹರಿಶ್ಚಂದ್ರನ ಕಥೆಯಲ್ಲೂ ಇರುವುದು ಇದೇ ಅಲ್ಲವೆ? ಮಡಿದ ಮಗು, ಅಳುವ ತಾಯಿ. ಅದನ್ನು ನೋಡಲು ಮಕ್ಕಳು ರಾತ್ರಿಯಿಡೀ ಚಾಪೆ ಹಾಸಿಕೊಂಡು ಕೂತಿದ್ದರು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದು ನಿಜಕ್ಕೂ ಭಾರವಾದದ್ದು. ಕಲೆಯ ಹೆಸರಿನಲ್ಲಿ ಇದು ಬಾಲದುಡಿಮೆಯಲ್ಲವೆ? ನಡುರಾತ್ರಿವರೆಗೆ ನಿದ್ದೆಗೆಟ್ಟ ಹುಡುಗ, ಬಿಟ್ಟುಹೋದ ಶಾಲೆ, ಊರೂರು ತಿರುಗುವ ಬದುಕು. ಅಲ್ಲ ಎಂದು ವಾದಿಸಲು ನನಗೆ ಬಾಯಿಲ್ಲ. ನಾವು ಎಣಿಸುವುದು ಮುತ್ತುರಾಜನನ್ನು, ಅಯ್ಯರ್ ಅವರನ್ನು. ದನಿ ಒಡೆದ ದಿನವೇ ಪಾತ್ರವನ್ನೂ ಕಳೆದುಕೊಂಡು, ಕೈಯಲ್ಲಿ ಅಕ್ಷರವೂ ಇಲ್ಲದೆ ಊರಿಗೆ ಮರಳಿದ ಹುಡುಗರ ಹೆಸರನ್ನು ಯಾರೂ ಬರೆದಿಡಲಿಲ್ಲ. ಬಡವರು ಮಕ್ಕಳನ್ನು ಕಂಪನಿಗೆ ಬಿಟ್ಟದ್ದಕ್ಕೆ ಕಲಾಪ್ರೇಮಕ್ಕಿಂತ ಎರಡು ಹೊತ್ತಿನ ಊಟ ದೊಡ್ಡ ಕಾರಣ. ವೀರಣ್ಣ ಯಜಮಾನರಾದ ಅದೇ 1917ರಲ್ಲಿ, ಗುಬ್ಬಿಗೆ ದೂರವಲ್ಲದ ಸಿದ್ಧಗಂಗೆಯಲ್ಲಿ ಸಂಸ್ಕೃತ ಪಾಠಶಾಲೆ ಶುರುವಾಯಿತು. 1941ರಲ್ಲಿ ಶಿವಕುಮಾರ ಸ್ವಾಮಿಗಳು ಮಠದ ಹೊಣೆ ಹೊತ್ತ ಮೇಲೆ ಅಲ್ಲಿಯ ಮಕ್ಕಳು ಸಾವಿರಗಳ ಲೆಕ್ಕಕ್ಕೆ ಬೆಳೆದರು. ಅನ್ನ, ಅಕ್ಷರ, ಆಶ್ರಯ ಮೂರನ್ನೂ ಮಠ ಕೊಟ್ಟಿತು. ಕಂಪನಿಗೆ ಕೊಡಲು ಆದದ್ದು ಮೊದಲನೆಯದು ಮತ್ತು ಕೊನೆಯದು ಮಾತ್ರ. ಹಾಗೆ ನೋಡಿದರೆ ಸಂಜೆಯ ಸಾಮೂಹಿಕ ಪ್ರಾರ್ಥನೆಯಲ್ಲಿ ಸ್ವಾಮಿಗಳ ಎದುರು ಕೂತು ಒಂದೇ ಕೊರಳಾಗಿ ಹಾಡುವ ಆ ಮಕ್ಕಳೂ ದೊಡ್ಡವರ ಹಾಡಿನೊಳಗೇ ಇದ್ದವರು, ಮತ್ತು ಅದಕ್ಕಾಗಿ ಶಾಲೆ ಬಿಡಬೇಕಾಗಿರಲಿಲ್ಲ. ಆದ್ದರಿಂದ ನಾನು ಎತ್ತಿಹಿಡಿಯುತ್ತಿರುವುದು ಕಂಪನಿಯ ದುಡಿಮೆಯನ್ನಲ್ಲ, ಅದರೊಳಗಿನ ಕಲಿಕೆಯ ಬಗೆಯನ್ನು. ಒಂದನ್ನು ಬಿಟ್ಟು ಇನ್ನೊಂದನ್ನು ಉಳಿಸಿಕೊಳ್ಳಲು ಬರುತ್ತದೆ ಎಂಬುದಕ್ಕೆ ಸಿದ್ಧಗಂಗೆಯ ಬಯಲೇ ಸಾಕ್ಷಿ.

ತಮ್ಮ ಕಂಪನಿಯಲ್ಲಿ ಏನು ಸಿಗುವುದಿಲ್ಲ ಎಂಬುದು ವೀರಣ್ಣನವರಿಗೂ ಗೊತ್ತಿತ್ತು. ಬಂಟ್ವಾಳದ ಕಡೆಯಿಂದ ಮನೆ ಬಿಟ್ಟು ಓಡಿಬಂದು ಕಂಪನಿ ಸೇರಿದ ಬಾಬುಕೋಡಿಯ ಹುಡುಗನನ್ನು ಅವರು ಅಲ್ಲಿಯೇ ಇಟ್ಟುಕೊಳ್ಳಲಿಲ್ಲ. ಓದಲು ಬನಾರಸಿಗೆ ಕಳಿಸಿದರು. ಆ ಹುಡುಗ ಬಿ.ವಿ. ಕಾರಂತ. ಅಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ ಕಲಿತು, ರಾಷ್ಟ್ರೀಯ ನಾಟಕ ಶಾಲೆಯಿಂದ ಹೊರಬಂದು, ಕೆಲವು ವರ್ಷ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕದ ಮೇಷ್ಟ್ರಾದರು. ಟಾಗೋರರ ಗಿಳಿಯ ಕಥೆಯನ್ನು ‘ಪಂಜರಶಾಲೆ’ಯಾಗಿ ಮಕ್ಕಳ ರಂಗಕ್ಕೆ ತಂದವರೂ ಅವರೇ: ವಿದ್ಯೆ ಕಲಿಸುತ್ತೇವೆಂದು ಗಿಳಿಯ ಗಂಟಲಿಗೆ ಪುಸ್ತಕದ ಹಾಳೆ ತುರುಕುವ ಪಂಡಿತರ ಕಥೆ. ಶಾಲೆಯ ಗೋಡೆಯ ಹೊರಗೆ ಹಾಡು ಕಲಿತವರು ಇದನ್ನೇ ಆರಿಸಿಕೊಂಡದ್ದು ಆಕಸ್ಮಿಕ ಎಂದು ನನಗನ್ನಿಸುವುದಿಲ್ಲ.

ಇನ್ನೊಂದು ಆಕ್ಷೇಪ: ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮಕ್ಕಳಿಗೆಂದೇ ಬರೆದು ಅವರಿಗೊಂದು ಸ್ವಂತ ಲೋಕ ಕೊಟ್ಟರಲ್ಲ, ಅದು ಬೇಡವೆ? ಖಂಡಿತ ಬೇಕು. ಪುರಾಣದ ಮಗುವಿಗೆ ತುಂಟತನಕ್ಕೆ ಜಾಗ ಕಡಿಮೆ. ಬಾಲಕೃಷ್ಣನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲ ತಪಸ್ಸಿಗೋ ಸಾವಿಗೋ ಹೊರಟವರೇ. ನಾಯಿಮರಿ, ತುತ್ತೂರಿಗಳ ಲೋಕ ಬಂದದ್ದು ದೊಡ್ಡ ಬಿಡುಗಡೆ. ಆದರೆ ಆ ಪದ್ಯ ಬರೆದವರು ಮಕ್ಕಳಿಗಾಗಿ ತಮ್ಮ ಛಂದಸ್ಸನ್ನು ಸಡಿಲ ಮಾಡಲಿಲ್ಲ. ದೊಡ್ಡವರಿಗೆ ಬರೆಯುವಷ್ಟೇ ನಿಗಾ ಇಟ್ಟು ಬರೆದರು. ತೊಂದರೆ ಬಂದದ್ದು ಆಮೇಲೆ. ‘ಮಕ್ಕಳದ್ದು’ ಎಂಬ ಹಣೆಪಟ್ಟಿ ಸಿಕ್ಕಿದ ಕೂಡಲೆ ಶ್ರುತಿ ಸ್ವಲ್ಪ ತಪ್ಪಿದರೂ ನಡೆಯುತ್ತದೆ, ಬಣ್ಣ ಹೇಗೆ ಬಳಿದರೂ ಆಗುತ್ತದೆ ಎಂಬ ಸಸಾರ ಒಳಗೆ ಬಂತು.

ಈಗ ಬೇಸಿಗೆ ಬಂತೆಂದರೆ ಊರೂರಲ್ಲೂ ಮಕ್ಕಳ ಶಿಬಿರ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ರಂಗಾಯಣದ ಚಿಣ್ಣರ ಮೇಳವನ್ನು ನೋಡಿ ಬೆಳೆದವೂ ಅವುಗಳಲ್ಲಿವೆ. ಮಣ್ಣಿನ ಬೊಂಬೆ, ಕಾಗದದ ಮುಖವಾಡ, ನಾಲ್ಕು ಜನಪದ ಗೀತೆ, ಕೊನೆಯ ದಿನಕ್ಕೊಂದು ನಾಟಕ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಂಥ ರಂಗದ ಮೇಲೆ ಈಗ ಕಾಣುವುದು ಬರೀ ಮಕ್ಕಳು. ರಾಜನೂ ಮಗು, ಮಂತ್ರಿಯೂ ಮಗು, ಸತ್ತವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ತಾಯಿಯೂ ಹತ್ತು ವರ್ಷದವಳು. ಅವಳ ಹಾಡು ಧ್ವನಿಮುದ್ರಿಕೆಯಿಂದ ಬರುತ್ತದೆ. ದೊಡ್ಡವರು ಕತ್ತಲಲ್ಲಿ ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂತು ಮೊಬೈಲು ಎತ್ತಿ ಹಿಡಿದಿರುತ್ತಾರೆ.