ಕೇಬಲ್ ಕಟ್ಟುವ ಯಂತ್ರಗಳು: ಗಂಟು, ಹಲ್ಲುಪಟ್ಟಿ ಮತ್ತು ತಿರುಚಿನ ಇತಿಹಾಸ

ವಿದ್ಯುತ್ ಕೇಬಲನ್ನು ಅಳೆದು ತುಂಡರಿಸುವ ಕೆಲಸ ಯಂತ್ರಗಳಿಗೆ ಸುಲಭವಾಗಿ ಒಗ್ಗಿತು. ತುಂಡರಿಸಿದ್ದನ್ನು ಒಟ್ಟುಗೂಡಿಸಿ ಕಟ್ಟುವ ಕೆಲಸ ಮಾತ್ರ ಬಹುಕಾಲ ಬೆರಳುಗಳಲ್ಲೇ ಉಳಿಯಿತು. ಕೇಬಲ್ ಬಾಗುತ್ತದೆ, ತಿರುಚಿಕೊಳ್ಳುತ್ತದೆ, ಬಿಟ್ಟ ಕಡೆ ನಿಲ್ಲುವುದಿಲ್ಲ. ಆದ್ದರಿಂದ ಅದನ್ನು ಕಟ್ಟುವವನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಬಿಗಿದು, ಎಷ್ಟು ಬಿಗಿದರೆ ಸಾಕೆಂಬುದನ್ನು ಸ್ಪರ್ಶದಿಂದಲೇ ಅರಿಯಬೇಕಾಗುತ್ತದೆ. ಈ ಕೆಲಸದ ಯಾಂತ್ರೀಕರಣದ ಇತಿಹಾಸವನ್ನು ಪರಿಶೀಲಿಸಿದರೆ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಕೈಯ ಗಂಟನ್ನು ಯಂತ್ರ ಅನುಕರಿಸಲಿಲ್ಲ, ಕಟ್ಟುವ ಸಾಮಗ್ರಿಯೇ ಯಂತ್ರಕ್ಕೆ ಹೊಂದುವಂತೆ ರೂಪಾಂತರಗೊಂಡಿತು ಎಂಬುದು ಮೊದಲನೆಯದು. ಯಾವ ವಿಧಾನ ಎಲ್ಲಿ ನೆಲೆಗೊಂಡಿತೆಂಬುದನ್ನು, ಕಟ್ಟನ್ನು ಯಂತ್ರದ ಬಳಿಗೆ ತರಬಹುದೇ ಅಥವಾ ಸಲಕರಣೆಯನ್ನೇ ಕಟ್ಟಿನ ಬಳಿಗೆ ಒಯ್ಯಬೇಕೇ ಎಂಬ ಪ್ರಶ್ನೆ ನಿರ್ಧರಿಸಿತು ಎಂಬುದು ಎರಡನೆಯದು.

ಯಂತ್ರಪೂರ್ವ ಕಾಲದ ವಿಧಾನವನ್ನು ಲೇಸಿಂಗ್ ಎನ್ನುತ್ತಾರೆ. ಟೆಲಿಫೋನ್ ವಿನಿಮಯ ಕೇಂದ್ರಗಳು ಬೆಳೆದು ಒಂದೊಂದು ಚೌಕಟ್ಟಿಗೂ ನೂರಾರು ತಂತಿಗಳು ಬಂದು ಸೇರತೊಡಗಿದಾಗ, ಅವುಗಳನ್ನು ಮೇಣ ಹಿಡಿಸಿದ ಹುರಿಯಿಂದ ನಿಯತ ಅಂತರದಲ್ಲಿ ಕಟ್ಟುವ ಪದ್ಧತಿ ರೂಢಿಗೆ ಬಂತು. ಹುರಿಯನ್ನು ಪ್ರತಿ ಕಟ್ಟಿಗೂ ಕತ್ತರಿಸದೆ, ಕುಣಿಕೆಯ ಅಡಿಯಿಂದಲೇ ಅದನ್ನು ತೂರಿಸಿ ಬಿಗಿದು ಮುಂದಕ್ಕೆ ಒಯ್ಯುವುದು ಇದರ ಕ್ರಮವಾಗಿದ್ದು, ಪ್ರತಿ ಕುಣಿಕೆಯೂ ತನ್ನನ್ನು ತಾನೇ ಹಿಡಿದುಕೊಳ್ಳುವುದರಿಂದ ಹುರಿ ಒಂದೆಡೆ ತುಂಡಾದರೂ ಇಡೀ ಕಟ್ಟು ಕೂಡಲೇ ಬಿಚ್ಚಿಕೊಳ್ಳುತ್ತಿರಲಿಲ್ಲ. ಮರದ ಹಲಗೆಯ ಮೇಲೆ ನಕ್ಷೆ ಬರೆದು, ತಿರುವುಗಳಲ್ಲಿ ಮೊಳೆ ಹೊಡೆದು, ಅಳತೆಗೆ ಕತ್ತರಿಸಿದ ತಂತಿಗಳನ್ನು ಅವುಗಳ ನಡುವೆ ಹಾಯಿಸಿ ಕಟ್ಟಿದಾಗ ದೊರೆಯುವ ಕವಲುಗಳುಳ್ಳ ಜೋಡಣೆಗೆ ಕೇಬಲ್ ಫಾರ್ಮ್ ಎಂಬ ಹೆಸರಿತ್ತು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ ಬ್ರಿಟನ್ನಿನ ತಾಂತ್ರಿಕ ನೆರವಿನೊಂದಿಗೆ ಸ್ಟ್ರೌಜರ್ ಮಾದರಿಯ ಸ್ವಯಂಚಾಲಿತ ವಿನಿಮಯ ಕೇಂದ್ರಗಳನ್ನು ತಯಾರಿಸಿದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಮೂಲಕ ಈ ಬಗೆಯ ಕಟ್ಟುವಿಕೆ ಕರ್ನಾಟಕಕ್ಕೂ ಬಂತು.

ಯಂತ್ರಕ್ಕೆ ಗಂಟು ಹಾಕಲು ಬಾರದಿದ್ದುದೇ ಕೈಗೆಲಸ ಉಳಿಯಲು ಕಾರಣ ಎಂದು ಭಾವಿಸುವುದು ಸರಿಯಾಗದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜಾನ್ ಆ್ಯಪಲ್‌ಬಿ 1870ರ ದಶಕದ ಕೊನೆಯಲ್ಲೇ, ಕೊಯ್ದ ಪೈರಿನ ಸಿವುಡನ್ನು ಹುರಿಯಿಂದ ಸುತ್ತಿ ತಾನಾಗಿ ಗಂಟು ಹಾಕುವ ಸಾಧನವನ್ನು ರೂಪಿಸಿದ್ದನು. ಅದರಲ್ಲಿ ಬಾಗಿದ ಸೂಜಿಯೊಂದು ಹುರಿಯನ್ನು ಸಿವುಡಿನ ಸುತ್ತ ತರುತ್ತದೆ. ಹಕ್ಕಿಯ ಕೊಕ್ಕಿನಂತಹ ಕೊಂಡಿ ಒಂದು ಸುತ್ತು ತಿರುಗಿ ಕುಣಿಕೆ ಮಾಡಿ, ಹುರಿಯ ತುದಿಗಳನ್ನು ಕಚ್ಚಿ ಅದರೊಳಗಿನಿಂದ ಎಳೆಯುತ್ತದೆ. ಅದಕ್ಕೆ ಮೊದಲು ಬಳಕೆಯಲ್ಲಿದ್ದ ತಂತಿಯಿಂದ ಸಿವುಡು ಕಟ್ಟುವ ಯಂತ್ರಗಳನ್ನು, ಮೇವಿನಲ್ಲಿ ಸೇರಿಹೋಗುವ ತಂತಿಯ ಚೂರುಗಳಿಗೆ ಅಂಜಿ ರೈತರು ಒಲ್ಲೆನ್ನತೊಡಗಿದ್ದರಿಂದ, ಹುರಿಯ ಯಂತ್ರ ಬೇಗನೆ ಹರಡಿತು. ಆದರೆ ಅಲ್ಲಿ ಸಿವುಡು ಯಂತ್ರದೊಳಕ್ಕೇ ಬಂದು ಬೀಳುತ್ತದೆ, ಎಲ್ಲ ಸಿವುಡುಗಳ ಗಾತ್ರವೂ ಹೆಚ್ಚುಕಡಿಮೆ ಒಂದೇ, ಕಟ್ಟೂ ಒಂದೇ. ಕೇಬಲ್ ಫಾರ್ಮ್ ಹಲಗೆಗೆ ಅಂಟಿಕೊಂಡಿರುತ್ತದೆ, ಕವಲಿಗೊಂದು ದಪ್ಪ ಇರುತ್ತದೆ, ಕಟ್ಟುಗಳು ನೂರಾರು. ಸೂಜಿ, ಕೊಂಡಿ, ಹಲ್ಲುಚಕ್ರಗಳ ಆ ಭಾರದ ಸಾಧನವನ್ನು ಅಲ್ಲಿಗೆ ಒಯ್ಯುವಂತಿರಲಿಲ್ಲ.

ಈ ತೊಡಕನ್ನು ಬಿಡಿಸಿದ್ದು ಯಂತ್ರವಲ್ಲ, ಒಂದು ಪಟ್ಟಿ. ಅಮೆರಿಕದ ಥಾಮಸ್ ಅಂಡ್ ಬೆಟ್ಸ್ ಸಂಸ್ಥೆಯ ಮಾರಸ್ ಲೋಗನ್ 1956ರಲ್ಲಿ ಬೋಯಿಂಗ್ ವಿಮಾನ ಕಾರ್ಖಾನೆಯನ್ನು ಸಂದರ್ಶಿಸಿದಾಗ, ಐವತ್ತು ಅಡಿ ಉದ್ದದ ಹಲಗೆಗಳ ಮೇಲೆ ಮೇಣ ಸವರಿದ ನೈಲಾನ್ ಹುರಿಯಿಂದ ತಂತಿಗಳನ್ನು ಬಿಗಿಯುತ್ತಿದ್ದ ಕೆಲಸಗಾರರ ಬೆರಳುಗಳು ಹುರಿಯಿಂದಲೇ ಕೊಯ್ದುಹೋಗುತ್ತಿದ್ದುದನ್ನು ಗಮನಿಸಿದನು. ಎರಡು ವರ್ಷಗಳ ಪ್ರಯೋಗದ ಬಳಿಕ, 1958ರ ಜೂನ್ 24ರಂದು ಅವನು ಪೇಟೆಂಟಿಗೆ ಅರ್ಜಿ ಸಲ್ಲಿಸಿದ ಪಟ್ಟಿ ಟೈ-ರ‍್ಯಾಪ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. ಇಂದು ಕೇಬಲ್ ಟೈ ಎಂದು ಎಲ್ಲ ವಿದ್ಯುತ್ ಅಂಗಡಿಗಳಲ್ಲೂ ಸಿಗುವ ವಸ್ತುವಿನ ಮೂಲ ಇದೇ. ಪಟ್ಟಿಯ ಬಾಲವನ್ನು ತಲೆಯ ಕಿಂಡಿಯಲ್ಲಿ ತೂರಿಸಿ ಎಳೆದರೆ ಒಳಗಿನ ಹಲ್ಲು ಅದನ್ನು ಹಿಂದಕ್ಕೆ ಸರಿಯಗೊಡುವುದಿಲ್ಲ. ಮೊದಲ ಪಟ್ಟಿಗಳಲ್ಲಿ ಈ ಹಲ್ಲು ಲೋಹದ್ದಾಗಿತ್ತು. ಮುಂದೆ ಹಲ್ಲು ಸಮೇತ ಇಡೀ ಪಟ್ಟಿಯನ್ನು ನೈಲಾನಿನಲ್ಲಿ ಒಂದೇ ಎರಕವಾಗಿ ತಯಾರಿಸುವ ಮಾದರಿಗಳು ವ್ಯಾಪಕವಾದವು.

ಯಾಂತ್ರೀಕರಣದ ದೃಷ್ಟಿಯಿಂದ ಈ ಪಟ್ಟಿಯ ಮಹತ್ವ, ಗಂಟಿನ ಹಲವು ಚಲನೆಗಳನ್ನು ಅದು ಸುತ್ತುವುದು, ತೂರಿಸುವುದು, ಎಳೆಯುವುದು ಎಂಬ ಮೂರಕ್ಕೆ ಇಳಿಸಿತೆಂಬುದರಲ್ಲಿದೆ. ಮೊದಲು ಬಂದ ಕೈಬಂದೂಕಿನಾಕಾರದ ಸಲಕರಣೆ ಎಳೆಯುವ ಕೆಲಸವನ್ನಷ್ಟೇ ವಹಿಸಿಕೊಂಡು, ನಿಗದಿಪಡಿಸಿದ ಬಿಗಿತ ಬಂದೊಡನೆ ಉಳಿದ ಬಾಲವನ್ನು ತಲೆಯ ಮಟ್ಟಕ್ಕೆ ಕತ್ತರಿಸುತ್ತಿತ್ತು. ಹೀಗೆ ಕೆಲಸಗಾರನ ಅಂದಾಜಿನಲ್ಲಿದ್ದ ಬಿಗಿತ ಸಲಕರಣೆಯ ತಿರುಪಿನಲ್ಲಿ ಅಳತೆಯಾಗಿ ನೆಲೆಸಿತು. ಅನಂತರದ ಸ್ವಯಂಚಾಲಿತ ಸಲಕರಣೆಗಳಲ್ಲಿ ಒಂದಕ್ಕೊಂದು ಅಂಟಿಕೊಂಡ ಪಟ್ಟಿಗಳ ಮಾಲೆ ರೀಲಿನಿಂದ ಬರುತ್ತದೆ, ದವಡೆಗಳು ತಂತಿಕಟ್ಟಿನ ಸುತ್ತ ಮುಚ್ಚಿ ಬಾಲವನ್ನು ತಲೆಯೊಳಕ್ಕೆ ನಡೆಸುತ್ತವೆ, ಸುಮಾರು ಒಂದು ಸೆಕೆಂಡಿನಲ್ಲಿ ಕಟ್ಟು ಮುಗಿಯುತ್ತದೆ. ಇಲ್ಲಿ ಸಾಮಗ್ರಿಯ ಗುಣವೂ ಮುಖ್ಯ. ನೈಲಾನ್ ಗಾಳಿಯ ತೇವವನ್ನು ಹೀರಿಕೊಂಡು ಮೆತುವಾಗಿರುವ ವಸ್ತುವಾದ್ದರಿಂದ, ಒಣಗಿದ ಪಟ್ಟಿ ಬಿಗಿಯುವಾಗಲೇ ಮುರಿಯಬಹುದು. ಈ ಕಾರಣಕ್ಕೆ ಪಟ್ಟಿಗಳನ್ನು ಬಳಸುವವರೆಗೂ ಚೀಲ ತೆರೆಯದೆ ಇಡಲಾಗುತ್ತದೆ.

ಈ ಇತಿಹಾಸದ ಎರಡನೆಯ ಕವಲು ಕೇಬಲ್ ಸುರುಳಿಗಳದು. ಮನೆಬಳಕೆಯ ಉಪಕರಣಗಳ ಪವರ್ ಕಾರ್ಡ್ ಅಥವಾ ಚಾರ್ಜರಿನ ಕೇಬಲ್ ಬಿಡಿಯಾಗಿ ಯಂತ್ರದ ಬಳಿಗೆ ಬರಬಲ್ಲುದು; ಹೀಗಾಗಿ ಇಲ್ಲಿ ಆ್ಯಪಲ್‌ಬಿಯ ಯಂತ್ರದ ಸ್ಥಿತಿಯೇ ಮರುಕಳಿಸಿತಾದರೂ ಗೆದ್ದದ್ದು ಹುರಿಯ ಗಂಟಲ್ಲ, ತಿರುಚುಪಟ್ಟಿ, ಅಂದರೆ ಕಾಗದ ಅಥವಾ ಪ್ಲಾಸ್ಟಿಕ್ಕಿನೊಳಗೆ ತೆಳು ಉಕ್ಕಿನ ತಂತಿಯುಳ್ಳ ರಿಬ್ಬನ್. ಬ್ರೆಡ್ ಚೀಲಗಳ ಬಾಯಿ ಕಟ್ಟಲು 1960ರ ದಶಕದಲ್ಲಿ ಅಮೆರಿಕದ ಬೇಕರಿಗಳಲ್ಲಿ ಹರಡಿದ ತಿರುಚುಪಟ್ಟಿಯ ಯಂತ್ರಗಳ ತತ್ವವೇ ಕೇಬಲಿಗೂ ಒದಗಿತು. ಉರುಳೆಗಳು ಕೇಬಲನ್ನು ಅಳೆದು ಮುಂದೂಡುತ್ತವೆ, ಅಲಗು ಕತ್ತರಿಸುತ್ತದೆ, ತಿರುಗುವ ಗೂಟಗಳು ಸುರುಳಿ ಸುತ್ತುತ್ತವೆ, ಬಳಿಕ ರಿಬ್ಬನ್ನಿನ ಎರಡು ತುದಿಗಳನ್ನೂ ಹಿಡಿದ ಕೊಂಡಿ ಕೆಲವು ಸುತ್ತು ತಿರುಗಿ ಬಿಡುತ್ತದೆ. ಲೋಹ ತಿರುಚಿದ ರೂಪದಲ್ಲೇ ನಿಲ್ಲುವುದರಿಂದ ಕುಣಿಕೆಯಾಗಲಿ ಬೀಗವಾಗಲಿ ಬೇಕಿಲ್ಲ. ಕೇಬಲನ್ನು ದುಂಡಗೆ ಸುತ್ತುವ ಬದಲು 8ರ ಆಕಾರದಲ್ಲಿ ಸುತ್ತಿದರೆ ಒಂದು ಬದಿಯ ತಿರುಚನ್ನು ಇನ್ನೊಂದು ಬದಿಯ ತಿರುಚು ಅಳಿಸುತ್ತದೆ. ಬಿಚ್ಚಿದಾಗ ಕೇಬಲ್ ಗಂಟಾಗದು.

ಆದರೂ ಕವಲುಗಳುಳ್ಳ ತಂತಿಕಟ್ಟು, ಅಂದರೆ ವಾಹನ ಮತ್ತು ವಿಮಾನಗಳ ಹಾರ್ನೆಸ್, ಇಂದಿಗೂ ಬಹುಪಾಲು ಕೈಗೆಲಸದ ಕ್ಷೇತ್ರವೇ ಆಗಿದೆ. 1975ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆರಂಭವಾದ ಕೊಮ್ಯಾಕ್ಸ್‌ನಂತಹ ಸಂಸ್ಥೆಗಳ ಯಂತ್ರಗಳು ತಂತಿಯನ್ನು ತುಂಡರಿಸಿ, ಹೊದಿಕೆ ಸುಲಿದು, ತುದಿಗೆ ಟರ್ಮಿನಲ್ ಒತ್ತಿ ಕೊಡುತ್ತವೆ. ಅದನ್ನು ಹಲಗೆಯ ಮೇಲೆ ಹಾಯಿಸಿ ಟೇಪು ಸುತ್ತುವುದು ಕಾರ್ಮಿಕರ ಪಾಲಿಗೇ ಉಳಿದಿದೆ. 2022ರಲ್ಲಿ ಯುದ್ಧದಿಂದಾಗಿ ಉಕ್ರೇನಿನ ಹಾರ್ನೆಸ್ ಕಾರ್ಖಾನೆಗಳ ಕೆಲಸ ನಿಂತಾಗ, ಜರ್ಮನಿಯ ಫೋಕ್ಸ್‌ವ್ಯಾಗನ್ ಮತ್ತು ಬಿಎಂಡಬ್ಲ್ಯು ಕಾರುಗಳ ಉತ್ಪಾದನೆಗೂ ತಡೆ ಬಿದ್ದುದು ಇದಕ್ಕೆ ಸಾಕ್ಷಿ. ಕೂಲಿ ಕಡಿಮೆಯಿರುವ ಕಡೆಗೆ ಈ ಉದ್ಯಮ ಸರಿಯುತ್ತ ಬಂದಿರುವುದನ್ನೂ ಇದರಿಂದಲೇ ವಿವರಿಸಬಹುದು: ಯಂತ್ರಕ್ಕೆ ಹೊಂದುವ ಪಟ್ಟಿ ಸಿಕ್ಕಿದೆ, ಯಂತ್ರಕ್ಕೆ ಹೊಂದುವ ಹಾರ್ನೆಸ್ ಇನ್ನೂ ಸಿಕ್ಕಿಲ್ಲ. ಕವಲುಗಳನ್ನು ಕಡಿಮೆ ಮಾಡಿ, ಹಾರ್ನೆಸ್ಸನ್ನು ಚಿಕ್ಕ ತುಂಡುಗಳಾಗಿ ಒಡೆದು ವಿನ್ಯಾಸಗೊಳಿಸುವ ಇತ್ತೀಚಿನ ಪ್ರಯತ್ನಗಳು, ಕಟ್ಟುವ ಸಾಮಗ್ರಿಯಲ್ಲಿ ಲೋಗನ್ ತಂದ ಬದಲಾವಣೆಯನ್ನೇ ಕಟ್ಟಿಸಿಕೊಳ್ಳುವ ವಸ್ತುವಿನಲ್ಲಿ ತರುವ ಯತ್ನಗಳಾಗಿವೆ.