ಹರಿಶ್ಚಂದ್ರನ ಫ್ಯಾಕ್ಟರಿ: ಅಸಲು ಯಾವುದು, ನಕಲು ಯಾವುದು?

1912ರಲ್ಲಿ ದಾದರಿನ ಮಥುರಾ ಭವನ ಎಂಬ ಬಂಗಲೆಯಲ್ಲಿ ಕೆಲಸಕ್ಕೆ ಸೇರಿದವರಿಗೆ ಒಂದು ಸುಳ್ಳನ್ನು ಹೇಳಿಕೊಡಲಾಗುತ್ತಿತ್ತು. ಎಲ್ಲಿ ಕೆಲಸ ಎಂದು ಯಾರಾದರೂ ಕೇಳಿದರೆ 'ಹರಿಶ್ಚಂದ್ರನ ಫ್ಯಾಕ್ಟರಿಯಲ್ಲಿ' ಎನ್ನಬೇಕು. ಸಿನಿಮಾದಲ್ಲಿ ಪಾರ್ಟು ಮಾಡುತ್ತೇನೆ ಎಂದರೆ ಮನೆಯವರೂ ನೆರೆಯವರೂ ಮರ್ಯಾದೆ ಕೊಡದ ಕಾಲ ಅದು. ಫ್ಯಾಕ್ಟರಿ ಎಂದರೆ ತಿಂಗಳ ಸಂಬಳ, ಗೌರವದ ನೌಕರಿ. ಹೀಗೆ, ಸತ್ಯಕ್ಕಾಗಿ ರಾಜ್ಯವನ್ನೂ ಹೆಂಡತಿ ಮಕ್ಕಳನ್ನೂ ಕಳೆದುಕೊಂಡ ರಾಜನ ಕಥೆಯನ್ನು ಚಿತ್ರ ಮಾಡಲು ಹೊರಟ ತಂಡ ಊರಿಗೆಲ್ಲ ಸುಳ್ಳು ಹೇಳಿಕೊಂಡು ಓಡಾಡಿತು.

ಈ ತಮಾಷೆಯನ್ನು ಸರಿಯಾಗಿ ಹಿಡಿದವರು ರಂಗಭೂಮಿಯಿಂದ ಬಂದ ಪರೇಶ್ ಮೊಕಾಶಿ. 2009ರ ಅವರ ಮರಾಠಿ ಹಾಸ್ಯಚಿತ್ರದ ಹೆಸರೇ 'ಹರಿಶ್ಚಂದ್ರಾಚಿ ಫ್ಯಾಕ್ಟರಿ'. ಆ ವರ್ಷ ಭಾರತದಿಂದ ಆಸ್ಕರ್‌ಗೆ ಅಧಿಕೃತವಾಗಿ ಹೋದ ಚಿತ್ರ ಅದು. ನಂದು ಮಾಧವ್ ಅದರಲ್ಲಿ ದಾದಾಸಾಹೇಬ್ ಫಾಲ್ಕೆ. ಮಹಾಪುರುಷರ ಜೀವನಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಗಂಭೀರ ಮುಖ ಇಲ್ಲಿಲ್ಲ. ಮನೆಯ ಸಾಮಾನು ಮಾರಿ, ನೆಂಟರಿಂದ ಹುಚ್ಚ ಎನ್ನಿಸಿಕೊಂಡು, ನಗುನಗುತ್ತಲೇ ಕೆಲಸ ಸಾಧಿಸುವ ಮನುಷ್ಯ ಇದ್ದಾನೆ. ಕಲೆಯ ಹೆಸರಿನಲ್ಲಿ ಜನರಿಗೆ ಟೋಪಿ ಹಾಕುವವರ ಹಾಸ್ಯಚಿತ್ರಗಳು ಲೋಕದಲ್ಲಿ ಬಹಳ ಇವೆ. ಇದು ಆ ಜಾತಿಯದಲ್ಲ. ಆದರೂ ಅಸಲು ಮತ್ತು ನಕಲಿನ ಪ್ರಶ್ನೆ ಫಾಲ್ಕೆಯವರ ಕಥೆಯನ್ನು ಮೊದಲಿಂದ ಕೊನೆಯವರೆಗೆ ಬಿಡದೆ ಹಿಂಬಾಲಿಸುತ್ತದೆ.

ಅದಕ್ಕೆ ಕಾರಣ ಅವರ ಮೊದಲಿನ ಕಸುಬು. ಫಾಲ್ಕೆ ಚಿತ್ರಕಲೆ ಕಲಿತರು, ಫೋಟೋ ತೆಗೆದರು, ತಮ್ಮ ಹೆಸರನ್ನು ತಿರುಗಿಸಿ 'ಪ್ರೊಫೆಸರ್ ಕೆಲ್ಫಾ' ಎಂದಿಟ್ಟುಕೊಂಡು ಜಾದೂ ಪ್ರದರ್ಶನವನ್ನೂ ಕೊಟ್ಟರು. ಆದರೆ ಹೊಟ್ಟೆಪಾಡು ನಡೆದದ್ದು ಬ್ಲಾಕ್ ಮತ್ತು ಮುದ್ರಣದಿಂದ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರುಮಾಡಿ ಬಳಿಕ ಲೋನಾವಳದ ಬಳಿಗೆ ಒಯ್ದ ಪ್ರೆಸ್ಸಿಗೆ ಅವರು ಕೆಲಸ ಮಾಡಿಕೊಟ್ಟರು. ಒಂದು ತೈಲಚಿತ್ರದಿಂದ ಸಾವಿರಾರು ಬಣ್ಣದ ಪ್ರತಿಗಳನ್ನು ತೆಗೆಯುವ ಪ್ರೆಸ್ ಅದು. ಲೋನಾವಳದಲ್ಲೇ ಸ್ವಂತ ಮುದ್ರಣಾಲಯ ತೆರೆದ ಫಾಲ್ಕೆ ಆಮೇಲೆ ಅದನ್ನು ದಾದರಿಗೆ ತಂದರು. ಅದಕ್ಕೆ ಲಕ್ಷ್ಮಿ ಆರ್ಟ್ ಪ್ರಿಂಟಿಂಗ್ ವರ್ಕ್ಸ್ ಎಂದು ಹೆಸರಾಯಿತು. ಪಾಲುದಾರರೊಡನೆ ಮನಸ್ತಾಪವಾಗಿ ಅದನ್ನು ಬಿಟ್ಟಾಗ ವಯಸ್ಸು ನಲವತ್ತು ದಾಟಿತ್ತು.

ಆ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿಯರ ಪಟಗಳು ಕರ್ನಾಟಕದ ಎಷ್ಟೋ ಮನೆಗಳ ದೇವರ ಗೂಡನ್ನೂ ಸೇರಿದವು. ಅವು ನಕಲು ಎಂದು ಯಾರೂ ಪೂಜೆ ನಿಲ್ಲಿಸಲಿಲ್ಲ. ಅದು ಅಚ್ಚಾದ ಪಟ ಎಂಬುದು ಕೊಂಡವರಿಗೂ ಗೊತ್ತಿತ್ತು, ಮಾರಿದವರಿಗೂ ಗೊತ್ತಿತ್ತು.

ಸಿನಿಮಾಕ್ಕೆ ಇಳಿದ ಮೇಲೆ ವೇಷ ಕಟ್ಟುವುದೇ ದಿನದ ಕೆಲಸವಾಯಿತು. ತಾರಾಮತಿಯ ಪಾತ್ರಕ್ಕೆ ಹೆಂಗಸರು ಸಿಗಲಿಲ್ಲ. ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ಯುವಕ ಸೀರೆ ಉಟ್ಟು ರಾಣಿಯಾದ. ಮೀಸೆ ಬೋಳಿಸುವುದು ತಂದೆ ತೀರಿಕೊಂಡಾಗ ಮಾತ್ರ ಎಂದು ಹಟ ಹಿಡಿದ ನಟರನ್ನು ಒಪ್ಪಿಸಲು ಫಾಲ್ಕೆ ಹೆಣಗಿದರು. ಹೊರಾಂಗಣ ಚಿತ್ರೀಕರಣಕ್ಕೆ ವಾಂಗಣಿಗೆ ಹೋದ ತಂಡದ ಕತ್ತಿ ಗುರಾಣಿಗಳನ್ನು ಕಂಡು ಹಳ್ಳಿಯವರು ದರೋಡೆಕೋರರೆಂದು ಹೆದರಿದ ಪ್ರಸಂಗವನ್ನು ಫಾಲ್ಕೆ ಕುರಿತ ಬರಹಗಳು ಮತ್ತೆ ಮತ್ತೆ ಹೇಳುತ್ತವೆ. ಫಾಲ್ಕೆ ಬಂದು, ಫಿಲ್ಮ್ ಇಲ್ಲದ ಕ್ಯಾಮೆರಾ ತಿರುಗಿಸಿ, ಒಂದು ದೃಶ್ಯ ಆಡಿಸಿ ತೋರಿಸಿದ ಮೇಲೆಯೇ ಅವರನ್ನು ಬಿಟ್ಟರಂತೆ. ತಾವು ಪ್ರಾಮಾಣಿಕರೆಂದು ತೋರಿಸಲು ಒಂದು ಸುಳ್ಳು ಚಿತ್ರೀಕರಣ ಬೇಕಾಯಿತು!

'ರಾಜಾ ಹರಿಶ್ಚಂದ್ರ' 1913ರ ಮೇ 3ರಂದು ಗಿರಗಾಂವಿನ ಕಾರೊನೇಷನ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಊರೂರು ತಿರುಗುವಾಗ ಮಾಡಿದ ಜಾಹೀರಾತು ಹೀಗಿತ್ತು: ಮೂರೇ ಆಣೆಗೆ 57,000 ಫೋಟೋಗಳು, ಎರಡು ಮೈಲಿ ಉದ್ದದ ಚಿತ್ರ. ಲೆಕ್ಕ ಹಾಕಿ ನೋಡಿ. ಚಿತ್ರದ ಉದ್ದ ಸುಮಾರು 3,700 ಅಡಿ. ಅಡಿಗೆ 16 ಚೌಕಟ್ಟಿನಂತೆ 59,200 ಫೋಟೋಗಳಾಗುತ್ತವೆ. ಅಂದರೆ ಫೋಟೋಗಳ ಲೆಕ್ಕದಲ್ಲಿ ಮೋಸವಿಲ್ಲ. ಮೈಲಿಗೆ 5,280 ಅಡಿಯಾದ್ದರಿಂದ ಉದ್ದ ಮಾತ್ರ ಮುಕ್ಕಾಲು ಮೈಲಿಗೂ ಕಡಿಮೆ. ವ್ಯಾಪಾರಿ ಫಾಲ್ಕೆ ಅದನ್ನು ಹೆಚ್ಚು ಕಡಿಮೆ ಮೂರು ಪಟ್ಟು ಎಳೆದಿದ್ದರು.

ಇವೆಲ್ಲ ನಕ್ಕು ಬಿಡುವ ಸುಳ್ಳುಗಳು. ನಿಜವಾದ ನಕಲಿ ಯಾವಾಗ ಹುಟ್ಟುತ್ತದೆ ಎಂಬುದಕ್ಕೆ ವಿಲಿಯಂ ವೈಲರ್ ಅವರ 1966ರ ಹಾಲಿವುಡ್ ಹಾಸ್ಯಚಿತ್ರ 'ಹೌ ಟು ಸ್ಟೀಲ್ ಎ ಮಿಲಿಯನ್' ಒಳ್ಳೆಯ ಉದಾಹರಣೆ. ಪ್ಯಾರಿಸ್ಸಿನ ಒಬ್ಬ ಶ್ರೀಮಂತ, ದೊಡ್ಡ ಕಲಾವಿದರ ಹೆಸರಿನಲ್ಲಿ ತಾನೇ ಚಿತ್ರ ಬರೆದು ಮಾರುತ್ತಾನೆ. ಅವನ ತಂದೆ ಕೆತ್ತಿದ ವೀನಸ್ ಮೂರ್ತಿ ಮ್ಯೂಸಿಯಮ್ಮಿನಲ್ಲಿ ಚೆಲ್ಲಿನಿಯದೆಂಬ ಹೆಸರಿನಲ್ಲಿ ನಿಲ್ಲುತ್ತದೆ. ವಿಮೆಗಾಗಿ ತಜ್ಞರ ಪರೀಕ್ಷೆ ಎಂದಾಗ ಗುಟ್ಟು ರಟ್ಟಾಗುವ ಭಯಕ್ಕೆ ಮಗಳು ತಮ್ಮದೇ ಮೂರ್ತಿಯನ್ನು ಕದಿಸಬೇಕಾಗುತ್ತದೆ. ಆ ಮೂರ್ತಿಗೆ ರೂಪದರ್ಶಿಯಾಗಿ ನಿಂತವಳು ಅವಳ ಅಜ್ಜಿ. ಮನೆಯಲ್ಲಿದ್ದಿದ್ದರೆ ಅದು ಅಜ್ಜ ಅಜ್ಜಿಯ ನೆನಪಾಗಿರುತ್ತಿತ್ತು. ಅದನ್ನು ನಕಲಿ ಮಾಡಿದ್ದು ಕೆಳಗೆ ಅಂಟಿಸಿದ ಹೆಸರು.

ಈಗ ಪುಣೆಗೆ ಬರೋಣ. ಅಲ್ಲಿನ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ 'ರಾಜಾ ಹರಿಶ್ಚಂದ್ರ'ದ ನಾಲ್ಕು ರೀಲುಗಳಲ್ಲಿ ಮೊದಲನೆಯದೂ ಕೊನೆಯದೂ ಉಳಿದಿವೆ ಎನ್ನಲಾಗುತ್ತದೆ. ಭಾರತೀಯ ಸಿನಿಮಾದ ಹುಟ್ಟು ಎಂದು ಟಿವಿಯಲ್ಲಿ, ಅಂತರ್ಜಾಲದಲ್ಲಿ ನಾವೆಲ್ಲ ನೋಡುವ ತುಣುಕುಗಳು ಅವೇ. ಆದರೆ ಫಾಲ್ಕೆ ಇದೇ ಕಥೆಯನ್ನು 1917ರಲ್ಲಿ ಮತ್ತೊಮ್ಮೆ ಚಿತ್ರಿಸಿದ್ದರು. ಕಲ್ಕತ್ತೆಯ ಮದನ್ ಕಂಪನಿಯೂ ಅದೇ ವರ್ಷ ಹರಿಶ್ಚಂದ್ರನನ್ನು ತೆರೆಗೆ ತಂದಿತ್ತು. ಉಳಿದಿರುವುದು 1913ರದಲ್ಲ, ಫಾಲ್ಕೆಯವರ 1917ರ ಚಿತ್ರ ಎಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ.

ಎರಡೂ ಫಾಲ್ಕೆಯವರದೇ ಆದರೆ ವ್ಯತ್ಯಾಸವೇನು ಎಂದು ಕೇಳಬಹುದು. ಕಥೆಯ ಮಟ್ಟಿಗೆ ಹೆಚ್ಚಿಲ್ಲ. ಹರಿಶ್ಚಂದ್ರನನ್ನು 13ನೆಯ ಶತಮಾನದಲ್ಲಿ ರಾಘವಾಂಕ ಕನ್ನಡದಲ್ಲಿ ಮತ್ತೆ ಹೇಳಿದ, 1965ರಲ್ಲಿ ಹುಣಸೂರು ಕೃಷ್ಣಮೂರ್ತಿ ರಾಜ್‌ಕುಮಾರ್ ಅವರಿಂದ ಹೇಳಿಸಿದರು, 2008ರಲ್ಲಿ ಅದೇ ಚಿತ್ರ ಬಣ್ಣ ಬಳಿದುಕೊಂಡು ಮತ್ತೆ ಬಂತು. ಯಾವುದನ್ನೂ ಯಾರೂ ನಕಲಿ ಎನ್ನಲಿಲ್ಲ. ಪ್ರತಿಯೊಂದೂ ತನ್ನದೇ ಹೆಸರು, ತನ್ನದೇ ವರ್ಷ ಹೇಳಿಕೊಂಡು ಬಂತು.

ಇತಿಹಾಸದ ಮಟ್ಟಿಗೆ ವ್ಯತ್ಯಾಸ ದೊಡ್ಡದು. 1917ರ ಹೊತ್ತಿಗೆ ಫಾಲ್ಕೆ ದಾದರು ಬಿಟ್ಟು ನಾಸಿಕದಲ್ಲಿದ್ದರು. 1913ರ ಚಿತ್ರ ತಯಾರಾದದ್ದು ದಾದರಿನ ಮನೆಯಲ್ಲಿ. ಅದಕ್ಕೆ ಒಡವೆ ಕೊಟ್ಟವರು ಫಾಲ್ಕೆಯವರ ಹೆಂಡತಿ ಸರಸ್ವತಿಬಾಯಿ. ಹಗಲು ಇಡೀ ತಂಡಕ್ಕೆ ಅಡುಗೆ ಮಾಡಿ, ಬಿಸಿಲಿನಲ್ಲಿ ಬೆಳಕಿಗಾಗಿ ಬಿಳಿ ಬಟ್ಟೆ ಹಿಡಿದು ನಿಂತು, ರಾತ್ರಿ ಕತ್ತಲೆಯಲ್ಲಿ ಕಚ್ಚಾ ಫಿಲ್ಮಿನ ಅಂಚಿಗೆ ತೂತು ಹಾಕಿದವರೂ ಅವರೇ. ಇತಿಹಾಸಕಾರರ ವಾದ ಸರಿಯಾದರೆ, ಆ ಮನೆಯಲ್ಲಿ ಅವರ ಕೈ ಹಾಯ್ದ 3,700 ಅಡಿಯಲ್ಲಿ ಒಂದು ಅಡಿಯೂ ಉಳಿದಿಲ್ಲ. ನಾಸಿಕದ ಬಿಸಿಲನ್ನು ನಾವು ದಾದರಿನ ಬಿಸಿಲೆಂದು ನೋಡುತ್ತಿದ್ದೇವೆ. ರೀಲುಗಳು ಯಾರಿಗೂ ಮೋಸ ಮಾಡುತ್ತಿಲ್ಲ. ಪ್ರಶ್ನೆ ಇರುವುದು ನಾವು ಅದಕ್ಕೆ ಅಂಟಿಸಿದ ಚೀಟಿಯಲ್ಲಿ.

ಕನ್ನಡಿಗರಿಗೆ ಇದು ದೂರದ ಸಂಗತಿಯಲ್ಲ. ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' 1934ರದು. ಅದರ ಪ್ರತಿ ಉಳಿದಿಲ್ಲ. ಭಾರತದ ಸಾವಿರಕ್ಕೂ ಹೆಚ್ಚು ಮೂಕಿಚಿತ್ರಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ನೈಟ್ರೇಟ್ ಫಿಲ್ಮ್ ಬೇಗ ಹೊತ್ತಿಕೊಳ್ಳುತ್ತದೆ, ಕೊಳೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಓಡಿ ಮುಗಿದ ಚಿತ್ರವನ್ನು ಕಾಪಾಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. 1964ರಲ್ಲಿ ಶುರುವಾದ ಪುಣೆಯ ಸಂಗ್ರಹಾಲಯಕ್ಕೆ ಪಿ.ಕೆ. ನಾಯರ್ ಊರೂರು ಅಲೆದು ತುಣುಕು ತುಣುಕಾಗಿ ಚಿತ್ರಗಳನ್ನು ಕೂಡಿಸದಿದ್ದರೆ ಇಂದು ಅಸಲು ನಕಲಿನ ಚರ್ಚೆಗೂ ವಸ್ತು ಇರುತ್ತಿರಲಿಲ್ಲ.

ಆದ್ದರಿಂದ ಆ ಎರಡು ರೀಲುಗಳ ಬೆಲೆ ಅನುಮಾನದಿಂದ ಕಡಿಮೆಯಾಗುವುದಿಲ್ಲ. 1917ರದಾದರೂ ಅದು ಭಾರತೀಯ ಸಿನಿಮಾದ ಮೊದಲ ದಿನಗಳ ಅಪರೂಪದ ದಾಖಲೆಯೇ. ತೋರಿಸುವಾಗ '1913' ಎಂಬುದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಸಾಕು. ಹರಿಶ್ಚಂದ್ರನ ಹೆಸರು ಹೊತ್ತ ಚಿತ್ರಕ್ಕೆ ಅಷ್ಟಾದರೂ ಸತ್ಯ ಸಲ್ಲಬೇಕು.