ಕಾಲವೈಶಾಖಿಯೂ ಹೂಗ್ಲಿಯ ದೋಣಿಗಳೂ

ಕರ್ಕಾಟಕ ವೃತ್ತಕ್ಕೆ ತುಸು ದಕ್ಷಿಣದಲ್ಲಿ, ಕಲ್ಕತ್ತೆಯನ್ನು ಹಾಯ್ದು ಬಂಗಾಳ ಉಪಸಾಗರವನ್ನು ಸೇರುವ ಹೂಗ್ಲಿ ನದಿಯ ಮೇಲೆ ಬೇಸಿಗೆಯ ಅಪರಾಹ್ಣಕ್ಕೆ ಎರಡು ಮುಖಗಳುಂಟು. ಚೈತ್ರ ವೈಶಾಖಗಳ ಮಧ್ಯಾಹ್ನದಲ್ಲಿ ನೀರು ಕಾಯಿಸಿದ ತಗಡಿನಂತೆ ಹೊಳೆಯುತ್ತದೆ; ಸಮುದ್ರದ ಕಡೆಯಿಂದ ಬೀಸುವ ತೆಂಕಣ ಗಾಳಿ ಹಾಯಿಗಳನ್ನು ತುಂಬಿ ದೋಣಿಗಳನ್ನು ಮೇಲ್ಮುಖವಾಗಿ ಒಯ್ಯುತ್ತದೆ. ಹೊತ್ತು ಇಳಿಯುತ್ತಿರುವಂತೆ ವಾಯವ್ಯದ ಅಂಚಿನಲ್ಲಿ ಮಸಿ ಬಳಿದಂತಹ ಮೋಡವೊಂದು ಏಳುತ್ತದೆ. ತೆಂಕಣ ಗಾಳಿ ಥಟ್ಟನೆ ನಿಂತುಹೋಗುತ್ತದೆ. ಅನಂತರ ದೋಣಿಯನ್ನು ದಡಕ್ಕೆ ತರಲು ಅಂಬಿಗನಿಗೆ ಉಳಿಯುವುದು ಕೆಲವೇ ನಿಮಿಷಗಳು. ಈ ಬಿರುಗಾಳಿಗೆ ಬಂಗಾಳಿಗಳು ಇಟ್ಟ ಹೆಸರು ಕಾಲವೈಶಾಖಿ. ವೈಶಾಖದಲ್ಲಿ ಬರುವ ಮೃತ್ಯು.

ಇದರ ಕಾರಣವು ಇಂದು ಸಾಕಷ್ಟು ಸ್ಪಷ್ಟವಾಗಿದೆ. ಉಪಸಾಗರದಿಂದ ಬರುವ ತೇವವಾದ ಗಾಳಿ ನೆಲಕ್ಕೆ ಹತ್ತಿಕೊಂಡು ಹರಡಿದರೆ, ಛೋಟಾ ನಾಗಪುರ ಪ್ರಸ್ಥಭೂಮಿಯ ಕಡೆಯಿಂದ ಬರುವ ಬಿಸಿಯಾದ ಒಣಗಾಳಿ ಅದರ ಮೇಲೆ ಮುಚ್ಚಳದಂತೆ ಕುಳಿತಿರುತ್ತದೆ. ಹಗಲಿನ ಕಾವು ಆ ಮುಚ್ಚಳವನ್ನು ಭೇದಿಸಿದಾಗ ತೇವದ ಗಾಳಿ ಗೋಪುರದಂತೆ ಮೇಲೇರಿ ಗುಡುಗಿನ ಮೋಡವಾಗುತ್ತದೆ. ಬೀಳುವ ಮಳೆಯಿಂದ ತಂಪಾಗಿ ಭಾರವಾದ ಗಾಳಿ ಕೆಳಗೆ ಧುಮುಕಿ, ನೆಲವನ್ನು ತಾಕಿ, ಮುಂದಕ್ಕೆ ನುಗ್ಗುತ್ತದೆ. ಅದರ ವೇಗ ಗಂಟೆಗೆ 60 ಕಿಲೋಮೀಟರನ್ನು ಮೀರುವುದು ಸಾಮಾನ್ಯ. ಕೆಲವೊಮ್ಮೆ 100ನ್ನೂ ದಾಟುತ್ತದೆ. ಬಹುಮಟ್ಟಿಗೆ ಒಂದು ಗಂಟೆಯೊಳಗೆ ಎಲ್ಲವೂ ಮುಗಿಯುತ್ತದೆ. ಕನ್ನಡ ನಾಡಿನ ಮಾವಿನ ಮಳೆಯೂ ಇದೇ ಋತುವಿನ ಗುಡುಗು ಮಳೆಯೇ. ಕೊಡಗಿನ ಕಾಫಿಗಿಡಕ್ಕೆ ಅದು ಹೂ ತರುವಂತೆ ಬಂಗಾಳದ ಸೆಣಬಿಗೂ ಅಸ್ಸಾಮಿನ ಚಹಕ್ಕೂ ಈ ಮಳೆ ಜೀವಾಧಾರ. ಆದುದರಿಂದ ರೈತನು ಹಾರೈಸುವ ಮೋಡವನ್ನೇ ಅಂಬಿಗನು ಅಂಜಿಕೆಯಿಂದ ನೋಡಬೇಕಾಯಿತು.

ಆ ಅಂಬಿಗನ ದೋಣಿಯಾದರೂ ಎಂತಹದು? 1790ರ ದಶಕದಲ್ಲಿ ಕಲ್ಕತ್ತೆಯಲ್ಲಿದ್ದ ಫ್ಲೆಮಿಶ್ ಚಿತ್ರಕಾರ ಬಾಲ್ತಸಾರ್ ಸೋಲ್ವಿನ್ಸ್ ಬಂಗಾಳದ ನಾವೆಗಳನ್ನು ಒಂದೊಂದಾಗಿ ಚಿತ್ರಿಸಿದ್ದಾನೆ. ಸಿರಿವಂತರ ಪ್ರಯಾಣಕ್ಕೆ ಎತ್ತರವಾದ ಕೋಣೆಗಳುಳ್ಳ ಬಜ್ರಾ, ಸರಕಿಗೆ ಚಪ್ಪಟೆ ತಳದ ಪಟೇಲಾ, ದಿನದ ದುಡಿಮೆಗೆ ಡಿಂಗಿ. ಆಳವಿಲ್ಲದ ಮರಳುದಿಣ್ಣೆಗಳ ನದಿಗೆ ಚಪ್ಪಟೆ ತಳ ತಕ್ಕದ್ದೇ. ಆದರೆ ಅಡ್ಡಗಾಳಿಗೆ ಅದೇ ದೌರ್ಬಲ್ಯ. ನೆರಳಿಗೆಂದು ಕಟ್ಟಿದ ಬಿದಿರಿನ ಮಾಡು ಬಿರುಗಾಳಿಯಲ್ಲಿ ಎರಡನೆಯ ಹಾಯಿಯಾಗಿ ಪರಿಣಮಿಸಿ ದೋಣಿಯನ್ನು ಮಗುಚುತ್ತಿತ್ತು. ಹಾಯಿ ಇಳಿಸು, ದಡ ಸೇರು, ಹಗ್ಗ ಬಿಗಿ: ಅಂಬಿಗನಿಗೆ ಇದಕ್ಕಿಂತ ಹೆಚ್ಚಿನ ಶಾಸ್ತ್ರವಿರಲಿಲ್ಲ, ಇದ್ದಷ್ಟನ್ನು ಅವನು ಬರೆದಿಡಲೂ ಇಲ್ಲ.

ಬರೆದಿಟ್ಟವರ ಲೆಕ್ಕವಾದರೂ ಹೇಗಿತ್ತೆಂಬುದನ್ನು 1737ರ ಅಕ್ಟೋಬರ್ ತಿಂಗಳ ಚಂಡಮಾರುತ ತೋರಿಸುತ್ತದೆ. ಅದರಲ್ಲಿ 3,00,000 ಜನ ಮಡಿದರೆಂದೂ 20,000 ನಾವೆಗಳು ನಾಶವಾದುವೆಂದೂ ಲಂಡನ್ನಿನಲ್ಲಿ ಅಚ್ಚಾದ ಸುದ್ದಿ ಎರಡು ಶತಮಾನಗಳಿಗೂ ಮಿಕ್ಕಿ ಗ್ರಂಥದಿಂದ ಗ್ರಂಥಕ್ಕೆ ಸಾಗಿಬಂದಿತು. ಈಸ್ಟ್ ಇಂಡಿಯಾ ಕಂಪನಿಯ ವರದಿಯಲ್ಲಿದ್ದುದು ಸುಮಾರು 3,000 ಮರಣಗಳು. ಅಂದಿನ ಕಲ್ಕತ್ತೆಯಲ್ಲಿ ಮೂರು ಲಕ್ಷ ಜನರೇ ಇರಲಿಲ್ಲವೆಂದು ರೋಜರ್ ಬಿಲ್ಹಾಮ್ ಅವರು 1994ರಲ್ಲಿ ಎತ್ತಿ ತೋರಿಸಿದರು. ದೊಡ್ಡ ಹಡಗುಗಳಿಗೆ ಹೆಸರಿತ್ತು, ಸರಕಿಗೆ ಬೆಲೆಯಿತ್ತು, ಆದ್ದರಿಂದ ಲೆಕ್ಕವಿತ್ತು. ದೋಣಿಗಳ ಪಾಲಿಗೆ ಬಂದುದು ಒಂದು ಉತ್ಪ್ರೇಕ್ಷೆ ಮಾತ್ರ.

ಬಿರುಗಾಳಿಯ ಶಾಸ್ತ್ರವು ಹುಟ್ಟಿದುದೂ ಈ ಹಡಗುಗಳ ಪುಸ್ತಕಗಳಿಂದಲೇ. ನಾವಿಕನಾಗಿದ್ದು ಕಲ್ಕತ್ತೆಯಲ್ಲಿ ನೆಲಸಿದ ಹೆನ್ರಿ ಪಿಡಿಂಗ್ಟನ್, ಹಡಗಿನ ದಿನಚರಿಗಳನ್ನು ಕಲೆಹಾಕಿ ಒಂದೊಂದು ಚಂಡಮಾರುತದ ಹಾದಿಯನ್ನೂ ಗುರುತಿಸಿದನು. 1848ರ ತನ್ನ ಗ್ರಂಥದಲ್ಲಿ, ಸುತ್ತಿಕೊಂಡ ಹಾವನ್ನು ನೆನೆದು, ಗ್ರೀಕಿನಿಂದ ‘ಸೈಕ್ಲೋನ್’ ಎಂಬ ಪದವನ್ನು ಟಂಕಿಸಿದನು. ಮಾತ್ಲಾ ನದಿಯ ಮೇಲೆ ಹೊಸ ಬಂದರನ್ನು ಕಟ್ಟಿದರೆ ಸಮುದ್ರವೇ ನುಗ್ಗಿಬರುವುದೆಂದು 1853ರಲ್ಲಿ ಎಚ್ಚರಿಸಿದನು. ಆದರೂ ಪೋರ್ಟ್ ಕ್ಯಾನಿಂಗ್ ಕಟ್ಟಲ್ಪಟ್ಟಿತು. 1867ರ ನವೆಂಬರಿನ ಚಂಡಮಾರುತದಲ್ಲಿ ಹಾಳಾಯಿತು. ಅದಕ್ಕೆ ಮೊದಲು, 1864ರ ಅಕ್ಟೋಬರ್ 5ರಂದು, ಹೂಗ್ಲಿಯನ್ನು ಏರಿಬಂದ ತೆರೆಗೆ ಐವತ್ತರಿಂದ ಅರವತ್ತು ಸಾವಿರ ಜನ ಆಹುತಿಯಾದರೆಂದು ಅಂದಾಜು. ಕಲ್ಕತ್ತೆಯ ಬಂದರಿನ ಹಡಗುಗಳಲ್ಲಿ ಬಹುಪಾಲು ಭಗ್ನವಾದುವು. ಮರುವರ್ಷವೇ ಬಂದರಿಗೆ ಬಿರುಗಾಳಿಯ ಮುನ್ಸೂಚನೆಯ ವ್ಯವಸ್ಥೆ ಏರ್ಪಟ್ಟಿತು. 1875ರಲ್ಲಿ ಬ್ಲಾನ್‌ಫೋರ್ಡನ ನೇತೃತ್ವದಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪಿತವಾಯಿತು.

ಮುನ್ಸೂಚನೆ ಇದ್ದಮಾತ್ರಕ್ಕೆ ಪ್ರಾಣಹಾನಿ ನಿಲ್ಲಲಿಲ್ಲ. 1887ರ ಮೇ 25ರ ಚಂಡಮಾರುತದಲ್ಲಿ, ಕಲ್ಕತ್ತೆಯಿಂದ ಹೊರಟ ‘ಸರ್ ಜಾನ್ ಲಾರೆನ್ಸ್’ ಎಂಬ ಉಗಿಹಡಗು ಪುರಿಯ ಯಾತ್ರಿಕರು ಏಳುನೂರಕ್ಕೂ ಮಿಕ್ಕವರೊಡನೆ ಮುಳುಗಿತು. ಅವರಲ್ಲಿ ಹೆಚ್ಚಿನವರು ಹೆಂಗಸರು. ರವೀಂದ್ರರ ‘ಸಿಂಧುತರಂಗ’ ಎಂಬ ಕವಿತೆಗೆ ಈ ದುರಂತವೇ ನಿಮಿತ್ತ. ಕೆಲವು ಮಂದಿ ಆಂಗ್ಲ ಮಹಿಳೆಯರು ಕಲ್ಕತ್ತೆಯ ಗಂಗಾತೀರದ ಘಾಟೊಂದರಲ್ಲಿ ಸ್ಮಾರಕಶಿಲೆಯನ್ನು ಇರಿಸಿದರು. ಶಿಲೆಯಲ್ಲಿ ಹಡಗಿನ ಹೆಸರಿದೆ, ಯಾತ್ರಿಕರ ಹೆಸರುಗಳಿಲ್ಲ.

ಹೀಗೆ ಚಂಡಮಾರುತಕ್ಕೆ ದಿನಚರಿ, ವರದಿ, ಇಲಾಖೆ, ಕಡೆಗೆ ಕವಿತೆಯೂ ದೊರೆತುವು. ಅದು ದಿನಗಟ್ಟಲೆ ಸಾಗಿಬರುವುದು. ತಂತಿಯ ಸುದ್ದಿ ಅದಕ್ಕಿಂತ ಮುಂದೆ ಓಡಬಲ್ಲುದು. ಕಾಲವೈಶಾಖಿಯಾದರೋ ಒಂದು ಊರನ್ನು ಹೊಡೆದು ನೆರೆಯೂರನ್ನು ಬಿಡುವುದು, ಅರ್ಧ ಗಂಟೆಯಲ್ಲಿ ಕರಗುವುದು. ಅದಕ್ಕೆ ಸಿಕ್ಕಿದುದು ವಿಮೆಯಿಲ್ಲದ, ದಿನಚರಿಯಿಲ್ಲದ ದೋಣಿ. ಹವಾಮಾನ ಇಲಾಖೆ ಈ ಬಿರುಗಾಳಿಗಳನ್ನು ಕುರಿತ ವಿಸ್ತಾರವಾದ ಅಧ್ಯಯನವನ್ನು ಪ್ರಕಟಿಸಿದುದು 1944ರಲ್ಲಿ. ಇಲಾಖೆ ಹುಟ್ಟಿ ಆಗ ಏಳು ದಶಕಗಳಾಗುತ್ತ ಬಂದಿದ್ದುವು.

ಇಂದು ಡಾಪ್ಲರ್ ರೇಡಾರ್ ಆ ಮೋಡವನ್ನು ಹುಟ್ಟುವಾಗಲೇ ಕಾಣುತ್ತದೆ. ಆದರೆ ಕಂಡುದು ಚುಕ್ಕಾಣಿ ಹಿಡಿದವನಿಗೆ ಮುಟ್ಟಬೇಕು. ಮುಟ್ಟಿದುದನ್ನು ಅವನು ಮನ್ನಿಸಬೇಕು. 2002ರ ಮೇ 3ರಂದು ಬಾಂಗ್ಲಾದೇಶದ ಮೇಘನಾ ನದಿಯಲ್ಲಿ ‘ಸಲಾಹುದ್ದೀನ್-2’ ಎಂಬ ಪ್ರಯಾಣಿಕ ನಾವೆ ಬಿರುಗಾಳಿಗೆ ಸಿಕ್ಕಿ ಮುಳುಗಿ 300ಕ್ಕೂ ಮಿಕ್ಕ ಜನ ಮಡಿದರು. 2014ರ ಮೇ 15ರಂದು ಅದೇ ನದಿಯಲ್ಲಿ ‘ಮಿರಾಜ್-4’ಕ್ಕೂ ಅದೇ ಗತಿಯಾಯಿತು. ಋತು ಅದೇ, ಗಾಳಿಯೂ ಅದೇ.

ನಷ್ಟವನ್ನು ಬರೆದಿಟ್ಟಲ್ಲಿ ಮಾತ್ರ ಜ್ಞಾನವು ಬೆಳೆಯಿತೆಂಬುದು ಬಂಗಾಳದ ಈ ತೀರದ ಇತಿಹಾಸ ಕಲಿಸುವ ಪಾಠ. ಹಡಗುಗಳು ತಮ್ಮ ನಷ್ಟವನ್ನು ಬರೆದುವು, ಅವಕ್ಕೆ ಮುನ್ಸೂಚನೆ ದೊರೆಯಿತು. ದೋಣಿಗಳ ನಷ್ಟವನ್ನು ನದಿಯೇ ಅಳಿಸಿಹಾಕಿತು. ಆ ಅಂಬಿಗರ ಅನುಭವದಲ್ಲಿ ಉಳಿದುಬಂದುದು ತೆಂಕಣ ಗಾಳಿ ನಿಂತೊಡನೆ ವಾಯವ್ಯದತ್ತ ಕಣ್ಣೆತ್ತುವ ಅಭ್ಯಾಸವೊಂದೇ.